ಹೂವಿನ ಕೆಳಗೆ ಅಮ್ಮನಿಗೆ ಕೇಳಿಸಿದ ಮಗ್ಗ

ಮೊದಲೇ ಹೇಳಿಬಿಡುತ್ತೇನೆ, ಪವಾಡಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹುಣಿಸೆಮರದಲ್ಲಿ ದೆವ್ವ ಇದೆ ಮಿಸ್ ಎಂದು ಮಕ್ಕಳು ಹೆದರಿಕೊಂಡು ಬಂದರೆ, ಕರ್ಕೊಂಡು ಬನ್ನಿ, ಅದಕ್ಕೂ ಹಾಜರಿ ಹಾಕೋಣ ಅನ್ನುತ್ತಿದ್ದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಇಂಥ ಸಂಗತಿಗಳೆಲ್ಲ ನಡುರಾತ್ರಿ ಪಾಳುಮಂಟಪದಲ್ಲಿ ನಡೆಯುತ್ತವೆ ಅಂತ ಕೇಳಿದ್ದೆ. ನನಗಾದದ್ದು ಊಟ ಮುಗಿದ ಮೇಲೆ, ಬಿಸಿಲು ಬಿದ್ದ ಮಧ್ಯಾಹ್ನದಲ್ಲಿ, ಜಪಾನಿನ ಒಂದು ಸಣ್ಣ ಊರಿನಲ್ಲಿ, ಸಾಲುಮರಗಳ ತುಂಬ ಸಕುರಾ ಹೂ ಬಿಟ್ಟಿದ್ದಾಗ. ಜೊತೆಯಲ್ಲಿ ನಮ್ಮಮ್ಮ ಇದ್ದಳು. ನಿಜ ಹೇಳಬೇಕೆಂದರೆ ಅದು ಆದದ್ದು ಅವಳಿಗೆ. ನಾನು ನೋಡಿದವಳು, ಅಷ್ಟೇ.

ನಾವು ನೇಯ್ಗೆಯವರು. ನಮ್ಮ ಬೀದಿಯಲ್ಲಿ ಮನೆಗೊಂದು ಪವರ್‌ಲೂಮ್ ಶೆಡ್ಡು. ಹುಟ್ಟಿದ ಮಗು ಮೊದಲು ಕೇಳುವುದು ಮಗ್ಗದ ಸದ್ದನ್ನೇ. ಕರೆಂಟು ಹೋಗಿ ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತರೆ ತೊಟ್ಟಿಲಲ್ಲಿ ಮಲಗಿದ ಮಗು ಬೆಚ್ಚಿ ಅಳುತ್ತದೆ. ಶೆಡ್ಡಿನೊಳಗೆ ಮಾತು ಕೇಳಿಸುವುದಿಲ್ಲವಾದ್ದರಿಂದ ನೇಯುವವರು ಬಾಯಾಡಿಸಿ, ಕೈಸನ್ನೆ ಮಾಡಿ ಮಾತಾಡುತ್ತಾರೆ. ಮದುವೆ ಮಾತುಕತೆಯಿಂದ ಹಿಡಿದು ಜಗಳದವರೆಗೆ ಎಲ್ಲವೂ ಹಾಗೆಯೇ ನಡೆಯುತ್ತದೆ. ಅಮ್ಮ ಮದುವೆಯಾಗಿ ಬಂದಾಗಿನಿಂದ ಆ ಸದ್ದಿನಲ್ಲೇ ಇದ್ದವಳು. ವರ್ಷ ಕಳೆದ ಹಾಗೆ ಅವಳ ಕಿವಿ ಸವೆಯಿತು. ನನಗೆ ಕೆಲಸ ಸಿಕ್ಕಿದ ಹೊಸತರಲ್ಲಿ ಕೂಗಿ ಹೇಳಿದರೆ ಕೇಳುತ್ತಿತ್ತು, ನನ್ನ ತಮ್ಮನ ಮದುವೆಯ ಹೊತ್ತಿಗೆ ಅದೂ ನಿಂತಿತು. ಡಾಕ್ಟರು ನರವೇ ಸತ್ತಿದೆ, ಸತ್ತದ್ದು ಚಿಗುರುವುದಿಲ್ಲ ಅಂದರು. ಕಿವಿಗೆ ಹಾಕುವ ಮೆಷಿನ್ ಕೊಡಿಸಿದೆವು. ತಲೆಯೊಳಗೆ ತಗಡು ಬಡಿದಂಗಾಗುತ್ತೆ ಎಂದು ಅದನ್ನು ತೆಗೆದು ಸಾಸಿವೆ ಡಬ್ಬಿಯ ಪಕ್ಕ ಇಟ್ಟುಬಿಟ್ಟಳು.

ಆದರೂ ಅವಳಿಗೆ ಅಂಥ ತೊಂದರೆಯೇನೂ ಆಗಲಿಲ್ಲ. ತುಟಿ ನೋಡಿ ಮಾತು ತಿಳಿಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಎದುರುಮನೆಯವರು ಅವರ ಜಗಲಿಯಲ್ಲಿ ಆಡಿಕೊಂಡದ್ದನ್ನು ನಮ್ಮ ಕಿಟಕಿಯಿಂದಲೇ ಓದಿ ಹೇಳುತ್ತಿದ್ದಳು. ಹೊಸಬರಿಗೆ ಅವಳು ಕಿವುಡಿ ಎಂದು ಗೊತ್ತೇ ಆಗುತ್ತಿರಲಿಲ್ಲ.

ಅವಳನ್ನು ನಿಜವಾಗಿ ಕಿವುಡಿ ಮಾಡಿದ್ದು ಕೊರೋನಾ. ಎಲ್ಲರೂ ಬಾಯಿಗೆ ಮಾಸ್ಕ್ ಕಟ್ಟಿಕೊಂಡರು. ಹಾಲಿನವನು, ತರಕಾರಿಯವಳು, ಡಾಕ್ಟರು, ಕೊನೆಗೆ ನಾವೂ. ನಮ್ಮ ಮುಖಗಳನ್ನು ಅವಳು ನೋಡುತ್ತಿದ್ದ ರೀತಿ ನನಗೆ ಮರೆಯುವುದಿಲ್ಲ. ಓದು ಬರುವವರ ಕೈಗೆ ಖಾಲಿ ಹಾಳೆ ಕೊಟ್ಟ ಹಾಗೆ. ಅದೇ ಸಮಯದಲ್ಲಿ ಅಪ್ಪನೂ ತೀರಿಕೊಂಡರು. ಮಾಸ್ಕುಗಳು ಹೋದ ಮೇಲೂ ಅವಳು ಜನರ ಮುಖ ನೋಡುವುದನ್ನು ಬಿಟ್ಟುಬಿಟ್ಟಳು. ಮುಖ ನೋಡದಿದ್ದರೆ ಅವಳಿಗೆ ಮಾತಿಲ್ಲ. ಎದುರಿಗೆ ಹೋಗಿ ಗಲ್ಲ ಹಿಡಿದು ಎತ್ತಿದರೆ ಮಾತ್ರ ಒಂದೆರಡು ಮಾತು, ಆಮೇಲೆ ಮತ್ತೆ ನೆಲ ನೋಡುತ್ತ ಕೂರುವುದು. ಒಂದೇ ಮನೆಯಲ್ಲಿದ್ದೂ ನಾನು ನಮ್ಮಮ್ಮನನ್ನು ಕಳೆದುಕೊಳ್ಳುತ್ತಿದ್ದೆ. ನನಗೆ ಆಗ ಇದ್ದ ದೊಡ್ಡ ಸಂಕಟ ಅದೇ.

ಜಪಾನಿಗೆ ಹೋಗುವ ಯೋಚನೆ ಬಂದದ್ದು ಒಂದು ಸೀರೆಯಿಂದ. ಅಮ್ಮ ಎಷ್ಟೋ ವರ್ಷ ಒಂದೇ ನಮೂನೆಯ ಬುಟ್ಟಾ ಸೀರೆ ನೇಯ್ದವಳು. ಐದು ಎಸಳಿನ ಪುಟ್ಟ ಹೂವು, ಪ್ರತಿ ಎಸಳಿನ ತುದಿಯಲ್ಲೂ ಚಿಕ್ಕದೊಂದು ಸೀಳು. ಮಗ್ಗಕ್ಕೆ ನಮೂನೆ ತಿಳಿಸುವ ತೂತು ತೂತಿನ ಡಿಸೈನ್ ಕಾರ್ಡು ಮಾರುತ್ತಿದ್ದ ಅಂಗಡಿಯವರು ಅದನ್ನು ಜಪಾನ್ ಹೂವು ಅನ್ನುತ್ತಿದ್ದರು. ಆ ಸೀಳು ಕಾರ್ಡಿಗೆ ತೂತು ಹೊಡೆಯುವವನ ತಪ್ಪು ಎಂದು ಅಮ್ಮನ ವಾದ. ನಾನು ನಿವೃತ್ತಳಾದ ವರ್ಷ ಟಿವಿಯಲ್ಲಿ ಸಕುರಾ ಮರಗಳನ್ನು ತೋರಿಸುತ್ತಿದ್ದರು. ಅಮ್ಮ ಟಿವಿಯ ಹತ್ತಿರ ಹೋಗಿ ನಿಂತು, ಬಹಳ ದಿನಗಳ ಮೇಲೆ ತಾನಾಗಿಯೇ ಬಾಯಿಬಿಟ್ಟಳು.

"ನಾನು ನೇಯ್ದಿದ್ದು ಈ ಹೂವಾ? ಇದು ನಿಜವಾಗ್ಲೂ ಇದ್ಯಾ?"

ನನಗೆ ಅಷ್ಟೇ ಸಾಕಾಯಿತು. ಈ ವಯಸ್ಸಿನಲ್ಲಿ ಅಮ್ಮನನ್ನು ಅಷ್ಟು ದೂರ ಎಳ್ಕೊಂಡು ಹೋಗ್ತೀಯಾ ಎಂದು ನನ್ನ ತಮ್ಮ ಗೊಣಗಿದ. ದೇವನಹಳ್ಳಿ ನಮಗೆ ಇಲ್ಲೇ ತಾನೇ, ಮನೆ ಬಿಟ್ಟು ಏರ್‌ಪೋರ್ಟ್ ಸೇರೋದಕ್ಕಿಂತ ಹಾಲಿನ ಡೇರಿಯಲ್ಲಿ ನಿಲ್ಲೋದೇ ಹೆಚ್ಚು ಹೊತ್ತು ಅಂದೆ. ಪ್ರವಾಸ ಮಾಡಿಸುವವರ ಗುಂಪೊಂದಕ್ಕೆ ಸೇರಿಕೊಂಡು, ಏಪ್ರಿಲ್ ಮೊದಲ ವಾರ ಹೊರಟೆವು.

ಆ ಮರಗಳ ವಿಷಯ ಏನು ಹೇಳಲಿ. ನಮ್ಮಲ್ಲೂ ಹೂವಿದೆ. ಮಾಕಳಿದುರ್ಗದ ಕಡೆ ಹೋಗುವ ರಸ್ತೆಯಲ್ಲಿ ಅದೇ ತಿಂಗಳಲ್ಲಿ ಹೊಂಗೆ ಹೂ ಉದುರಿ ನೆಲವೆಲ್ಲ ಪುರಿ ಚೆಲ್ಲಿದ ಹಾಗಿರುತ್ತದೆ, ನಾವು ಅದನ್ನು ತುಳಿದುಕೊಂಡೇ ಓಡಾಡುತ್ತೇವೆ. ಅಲ್ಲಿ ಹಾಗಲ್ಲ. ಮರದಲ್ಲಿ ಒಂದು ಎಲೆಯಿಲ್ಲ, ಬರೀ ಹೂವು. ಕೆಳಗೆ ಜನ ಚಾಪೆ ಹಾಸಿ, ಚಪ್ಪಲಿಗಳನ್ನು ಅಂಚಿಗೆ ಸಾಲಾಗಿ ಬಿಟ್ಟು, ಬುತ್ತಿ ಬಿಚ್ಚಿ ಕೂತಿರುತ್ತಾರೆ. ಗಲಾಟೆ ಇಲ್ಲ. ಒಂದೇ ವಾರ ಇರುವ ಹೂವಂತೆ, ಅದಕ್ಕಾಗಿ ಮುದುಕರು ಮಕ್ಕಳು ಎಲ್ಲರೂ ಕೆಲಸ ಬಿಟ್ಟು ಬಂದು ತಲೆ ಎತ್ತಿ ನೋಡುತ್ತಾರೆ. ಅಮ್ಮ ಬಸ್ಸಿನಿಂದ ಇಳಿದವಳೇ ಬಿದ್ದ ಎಸಳೊಂದನ್ನು ಅಂಗೈ ಮೇಲಿಟ್ಟುಕೊಂಡಳು. ತುದಿಯಲ್ಲಿ ಸೀಳಿತ್ತು.

"ತಪ್ಪಲ್ಲ ಕಣೇ. ಅವನು ಸರಿಯಾಗೇ ಹೊಡ್ದಿದ್ದ," ಅಂದಳು. ತೂತು ಹೊಡೆಯುವವನ ಮೇಲೆ ಇಷ್ಟು ವರ್ಷ ಹೊರಿಸಿದ್ದ ಅಪವಾದವನ್ನು ಅಲ್ಲೇ ನಿಂತು ವಾಪಸು ತೆಗೆದುಕೊಂಡಳು. ಅವಳು ನಕ್ಕದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ಅದು ನಡೆದ ದಿನ ನಾವಿದ್ದದ್ದು ಕ್ಯೋಟೋದಿಂದ ಸುಮಾರು ದೂರ ಬಸ್ಸಿನಲ್ಲಿ ಹೋಗಿ ಸೇರಿದ ಊರು. ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಒಂದು ಹೊಳೆ, ಎರಡೂ ದಡದಲ್ಲಿ ಮರಗಳು, ಆಚೆಗೆ ಗುಡ್ಡಕ್ಕೆ ಹತ್ತಿಕೊಂಡ ಹಳೆಯ ಮನೆಗಳು. ಪ್ರವಾಸದ ಅಡುಗೆಯವರು ಚಿತ್ರಾನ್ನ ಮಾಡಿ ತಂದಿದ್ದರು. ನಾವೂ ಚಾಪೆ ಹಾಸಿ ಕೂತು ತಿಂದೆವು, ಎಸಳುಗಳು ಅನ್ನದ ಮೇಲೆ ಬೀಳುತ್ತಿದ್ದವು. ನಮ್ಮ ಗುಂಪಿನಲ್ಲಿ ಬೂದಿಗೆರೆ ಕಡೆಯ ಮುನಿರಾಜಣ್ಣ ಎಂಬ ರೈತರು, ಅವರ ಹೆಂಡತಿ ಇದ್ದರು. ಮುನಿರಾಜಣ್ಣ ಮರವನ್ನು ಬುಡದಿಂದ ತುದಿವರೆಗೆ ನೋಡಿ ಗೈಡ್ ಹುಡುಗನನ್ನು ಕೇಳಿದರು.

"ಹಣ್ಣು ಎಷ್ಟು ಬಿಡುತ್ತೆ ಗುರು?"

"ಇದು ತಿನ್ನೋ ಹಣ್ಣು ಬಿಡಲ್ಲ ಅಣ್ಣ. ಬರೀ ಹೂವು."

"ಬರೀ ಹೂವಾ. ಇದಕ್ಕಾ ಇಷ್ಟು ಜನ?" ಅಂದು, ಮಡಿಲಿಗೆ ಬಿದ್ದ ಎಸಳೊಂದನ್ನು ಎತ್ತಿ ನೋಡಿ, "ಇರ್ಲಿ ಬಿಡು, ಚೆನ್ನಾಗಿದೆ," ಅಂದರು.

ಇನ್ನು ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ. ನನಗೆ ಆ ದಿನ ಬೆಳಗಿನಿಂದ ಸೀನು. ಆ ಕಾಲದಲ್ಲಿ ಅಲ್ಲಿ ಯಾವುದೋ ಮರದ ಪರಾಗ ಗಾಳಿಯಲ್ಲಿ ತುಂಬಿರುತ್ತದಂತೆ, ಅಲ್ಲಿನವರೇ ಅರ್ಧ ಜನ ಮಾಸ್ಕ್ ಹಾಕಿಕೊಂಡಿದ್ದರು. ನಾನೂ ಹಾಕಿಕೊಂಡಿದ್ದೆ. ಅಮ್ಮನ ಜೊತೆ ಮಾತಾಡಬೇಕಾದಾಗ ಮಾತ್ರ ಕೆಳಗೆ ಎಳೆಯುತ್ತಿದ್ದೆ. ಊಟವಾಗಿತ್ತು. ಅಮ್ಮ ಹೂವು ನೋಡುತ್ತ ಕೂತವಳು ಇದ್ದಕ್ಕಿದ್ದಂತೆ ತಲೆ ವಾಲಿಸಿದಳು.

"ಎಲ್ಲೋ ಮಗ್ಗ ಆಡ್ತಿದೆ."

ನಾನು ಮಾಸ್ಕ್ ಎಳೆದು, ಇಲ್ಲೆಲ್ಲಿಂದ ಬಂತಮ್ಮ ಮಗ್ಗ, ನಿನ್ನ ಕಿವಿಯೊಳಗಿಂದು ಅಂದೆ. ಕಿವುಡರಿಗೆ ಕಿವಿಯೊಳಗೇ ಸದ್ದು ಮೊರೆಯುವುದುಂಟು, ಅದು ನನಗೆ ಗೊತ್ತಿತ್ತು.

"ನಮ್ಮಂಥ ಪವರ್‌ಲೂಮ್ ಅಲ್ಲ ಅದು. ಕೈಮಗ್ಗ. ಒಂದೊಂದು ಎಳೆಗೂ ಎರಡೆರಡು ಪೆಟ್ಟು ಹಾಕ್ತಾಳೆ ನೋಡು," ಎಂದು ಎದ್ದು ಚಪ್ಪಲಿ ಮೆಟ್ಟಿದಳು.

ಎಂಬತ್ತರ ಹತ್ತಿರದ ಹೆಂಗಸು, ಹೊಸ ದೇಶ, ಒಬ್ಬಳನ್ನೇ ಬಿಡುವುದು ಹೇಗೆ. ಗೈಡ್ ಹುಡುಗನಿಗೆ ಹೇಳಿ ನಾನೂ ಹಿಂದೆ ನಡೆದೆ. ಹೊಳೆಯ ಸೇತುವೆ ದಾಟಿದಳು. ಆಚೆ ಕಡೆ ಓಣಿಗಳು ಕವಲೊಡೆದಿದ್ದವು. ಪ್ರತಿ ಕವಲಿನಲ್ಲೂ ನಿಂತು, ತಲೆ ವಾಲಿಸಿ, ಒಂದನ್ನು ಆರಿಸಿಕೊಂಡು ಹತ್ತುತ್ತಿದ್ದಳು. ನಾನು ಕಿವಿ ಕೊಟ್ಟೆ. ನನ್ನ ಕಿವಿ ಚೆನ್ನಾಗಿದೆ, ಹಿಂದಿನ ಬೆಂಚಿನವರ ಪಿಸುಮಾತು ಹಿಡಿದು ಅಭ್ಯಾಸವಾದ ಕಿವಿ. ನನಗೆ ಕೇಳಿಸಿದ್ದು ಹೊಳೆಯ ನೀರು, ಒಂದು ಹಕ್ಕಿ, ನನ್ನದೇ ಏದುಸಿರು. ಬೇರೇನೂ ಇಲ್ಲ. ಮನೆಗಳ ಹಿತ್ತಲಿನಿಂದ ಹೂವಿನ ಕೊಂಬೆಗಳು ದಾರಿಗೆ ಬಾಗಿದ್ದವು. ಗಾಳಿ ಬಂದಾಗಲೆಲ್ಲ ಎಸಳುಗಳು ಅವಳ ನರೆಗೂದಲ ಮೇಲೆ ಬಿದ್ದು ಹಾಗೇ ನಿಲ್ಲುತ್ತಿದ್ದವು.

ಅರ್ಧ ದಾರಿಯಲ್ಲಿ ಅಮ್ಮ ಗಕ್ಕನೆ ನಿಂತಳು.

"ನಿಂತೋಯ್ತು. ಎಳೆ ಕಿತ್ತೋಗಿರ್ಬೇಕು. ಇರು, ಗಂಟು ಹಾಕ್ತಾ ಇದ್ದಾಳೆ."

ನಾನೂ ನಿಂತೆ. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ. ಗಂಟು ಹಾಕಲು ಬೇಕಾಗುವಷ್ಟು ಹೊತ್ತು ಎಂದು ನೇಯ್ಗೆಯವರ ಮಗಳಾಗಿ ಹೇಳಬಲ್ಲೆ. ಅಮ್ಮನ ಬಲಗೈ ಬೆರಳುಗಳು ತಾವೇ ಗಂಟು ಹಾಕುವಂತೆ ಗಾಳಿಯಲ್ಲಿ ಆಡಿದವು. ಆಮೇಲೆ, ಹಾಂ, ಶುರುವಾಯ್ತು ಎಂದು ಮುಂದೆ ನಡೆದಳು. ವಾಪಸು ಕರೆಯದೆ ನಾನೂ ಹಿಂದೆ ಹತ್ತಿದೆ.

ಓಣಿಯ ತುದಿಯಲ್ಲಿ, ಮೂಲಂಗಿ ಬೆಳೆದ ಪುಟ್ಟ ಹಿತ್ತಲಿನ ಪಕ್ಕ, ಮರದ ಮನೆಯೊಂದಿತ್ತು. ಅದರ ಬೇಲಿಯ ಹತ್ತಿರ ಬಂದಾಗ ಮೊದಲ ಸಲ ನನಗೂ ಕೇಳಿಸಿತು. ಮೆತ್ತನೆಯ ಸದ್ದು. ಎರಡು ಪೆಟ್ಟು, ಸ್ವಲ್ಪ ಬಿಡುವು, ಮತ್ತೆ ಎರಡು ಪೆಟ್ಟು.

ಬಾಗಿಲು ಪಕ್ಕಕ್ಕೆ ಸರಿದಿತ್ತು. ಒಳಗೆ ಅಮ್ಮನದೇ ವಯಸ್ಸಿನ ಅಜ್ಜಿಯೊಬ್ಬರು ಮಾಸ್ಕ್ ಹಾಕಿಕೊಂಡು ಮಗ್ಗದಲ್ಲಿ ಕೂತಿದ್ದರು. ನಮ್ಮಮ್ಮ ಕೇಳದೆ ಹೇಳದೆ ಚಪ್ಪಲಿ ಬಿಟ್ಟು ಒಳಗೆ ನಡೆದೇಬಿಟ್ಟಳು. ನನಗೋ ನಾಚಿಕೆ, ಹೊಸ್ತಿಲಲ್ಲೇ ಕೈಮುಗಿದು ನಿಂತೆ. ಆ ಅಜ್ಜಿ ಗಾಬರಿಯಾಗಲಿಲ್ಲ. ಅಮ್ಮ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳ ಮೇಲೆ ಕಣ್ಣಾಡಿಸಿ, ಒಂದು ಕಡೆ ಬೆರಳಿಟ್ಟಳು. ಅಲ್ಲಿ ಆಗತಾನೇ ಹಾಕಿದ ಗಂಟಿತ್ತು. ತುದಿಗಳನ್ನು ಇನ್ನೂ ಕತ್ತರಿಸಿರಲಿಲ್ಲ. ಅಜ್ಜಿ ಮಾಸ್ಕಿನೊಳಗೆ ನಕ್ಕರು, ಕಣ್ಣಿನಲ್ಲಿ ಗೊತ್ತಾಯಿತು. ಏನೋ ಹೇಳಿದರು. ಅಮ್ಮ, ನಮ್ಮಲ್ಲೂ ಹಂಗೇ, ಬಿಸಿಲು ಜಾಸ್ತಿಯಾದ್ರೆ ಎಳೆ ನಿಲ್ಲಲ್ಲ ಅಂದಳು. ಅವರು ಹೇಳಿದ್ದು ಅದೇ ಹೌದೋ ಅಲ್ಲವೋ ದೇವರೇ ಬಲ್ಲ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು, ಸಂತೆಯಲ್ಲಿ ಸಿಕ್ಕ ನೆಂಟರ ಹಾಗೆ.

ಇಷ್ಟು ಹೊತ್ತಾದರೂ ನನ್ನೊಳಗಿನ ಮೇಷ್ಟ್ರು ಸೋತಿರಲಿಲ್ಲ. ಪ್ರಮಾಣಿಸಿ ನೋಡಬೇಕಲ್ಲ. ಅಮ್ಮ ನನಗೆ ಬೆನ್ನು ಮಾಡಿ ನಿಂತಿದ್ದಳು. ನನ್ನ ಬಾಯಿಗೆ ಮಾಸ್ಕ್ ಇತ್ತು. ಹೊಸ್ತಿಲಲ್ಲಿ ನಿಂತಲ್ಲಿಂದಲೇ, ಪಕ್ಕದವರಿಗೆ ಕೇಳಿಸಿದರೆ ಹೆಚ್ಚು ಎನ್ನುವಷ್ಟು ಮೆಲ್ಲಗೆ, ಅಮ್ಮ ಅಂದೆ.

"ಇರೇ, ಬಂದೆ," ಅಂದಳು ಅಮ್ಮ.

ಹಾಗೆ ಅಂದವಳು ನಿಧಾನವಾಗಿ ತಿರುಗಿದಳು. ನನ್ನ ಮುಖವನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು.

"ಇದ್ಯಾಕೆ ಹಿಂಗಾಗಿದೆ ನಿನ್ನ ಧ್ವನಿ? ಯಾವಾಗಾಯ್ತು?"

ಓದುಗರೇ, ನನ್ನ ಧ್ವನಿ ಒಡೆದಿದೆ. ತುಂಬಿದ ತರಗತಿಗಳಲ್ಲಿ ಕೂಗಿ ಕೂಗಿ ಗಂಟಲಿನಲ್ಲಿ ಗಂಟಾಗಿ, ಈಗ ಫೋನಿನಲ್ಲಿ ಹೊಸಬರು ನನ್ನನ್ನು ಸರ್ ಅನ್ನುತ್ತಾರೆ. ಅಮ್ಮನ ಕಿವಿ ಹೋಗುವಾಗ ನನ್ನದು ಸಣ್ಣ ಕಂಠ, ಮದುವೆಮನೆಗಳಲ್ಲಿ ಹಸೆ ಹಾಡಿಗೆ ನನ್ನನ್ನೇ ಕರೆಯುತ್ತಿದ್ದರು. ಧ್ವನಿ ಹೀಗಾದದ್ದನ್ನು ಅಮ್ಮನಿಗೆ ನಾನು ಹೇಳಿರಲಿಲ್ಲ, ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಕಿವುಡರ ಮುಂದೆ ಧ್ವನಿಯ ಮಾತನ್ನು ಯಾರು ಎತ್ತುತ್ತಾರೆ. ತುಟಿ ನೋಡಿ ಎಷ್ಟೇ ಮಾತು ಓದಿದರೂ, ಧ್ವನಿ ಒಡೆದಿದೆಯೋ ಸಣ್ಣಗಿದೆಯೋ ತುಟಿಯಲ್ಲಿ ಕಾಣುವುದಿಲ್ಲ. ಅದು ಕಿವಿಯಿಂದಲೇ ತಿಳಿಯಬೇಕು. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.

"ಪಾಠ ಹೇಳಿ ಹೇಳಿ ಹಿಂಗಾಯ್ತಮ್ಮ," ಅಂದೆ, ಮಾಸ್ಕ್ ತೆಗೆಯದೆ.

"ಅಷ್ಟೊಂದು ಯಾಕೆ ಕಿರ್ಚೋಕೆ ಹೋದೆ. ಮಕ್ಳು ಏನು ಕಿವುಡ್ರಾ?" ಅಂದಳು.

ಅಜ್ಜಿ ಚಹಾ ಕೊಟ್ಟರು. ಕುಡಿದು, ಕೈಮುಗಿದು ಹೊರಟೆವು. ಅಮ್ಮ ಮುಂದೆ, ನಾನು ಹಿಂದೆ, ಇಳಿಜಾರಿನ ಓಣಿ. ಏನಾದ್ರೂ ಮಾತಾಡ್ತಾ ಬಾ ಅಂದಳು. ಇಡೀ ಜೀವನ ಮಾತಿನಲ್ಲೇ ಅನ್ನ ತಿಂದವಳು ನಾನು, ಆ ಹೊತ್ತಿಗೆ ಒಂದು ಒಳ್ಳೆಯ ಮಾತು ತೋಚಲಿಲ್ಲ. ಮನೆಯ ಕೊಳಾಯಿ ಸೋರುವುದು, ತಮ್ಮನ ಮಗನಿಗೆ ಹೆಣ್ಣು ನೋಡಿದ್ದು, ಚಿತ್ರಾನ್ನಕ್ಕೆ ಉಪ್ಪು ಕಡಿಮೆಯಾದದ್ದು, ಬಾಯಿಗೆ ಬಂದದ್ದೆಲ್ಲ ಅವಳ ಬೆನ್ನಿಗೆ ಹೇಳುತ್ತ ಬಂದೆ. ಅವಳು ತಿರುಗದೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಹೆಣ್ಣಿನ ಕಡೆಯವರು ಯಾವೂರು ಅಂದಳು. ಜಡಿಗೇನಹಳ್ಳಿ ಅಂದೆ. ಅಷ್ಟು ದೂರಾನಾ ಅಂದಳು. ಜಪಾನಿನಲ್ಲಿ ನಿಂತು, ನಮ್ಮೂರಿಂದ ಬಸ್ಸಿನಲ್ಲಿ ಎರಡು ಗಂಟೆಯ ಜಡಿಗೇನಹಳ್ಳಿ ದೂರವಾಯಿತು ಅವಳಿಗೆ. ನಾನು ನಗುತ್ತ ಅಳುತ್ತ ನಡೆಯುತ್ತಿದ್ದೆ. ಮೇಲಿನಿಂದ ಹೂವು ಬೀಳುತ್ತಲೇ ಇತ್ತು. ಅಂಥ ಸಂತೋಷ ನನಗೆ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಿಲ್ಲ.

ಸೇತುವೆ ಸಿಕ್ಕಿತು. ನೀರಿನ ಮೇಲೆಲ್ಲ ಎಸಳು ಕಟ್ಟಿ ಹೊಳೆಯೇ ಕಾಣುತ್ತಿರಲಿಲ್ಲ. ಆಗ ಕೊನೆಗೂ ಒಂದು ಮಾತು ತೋಚಿತು.

"ಅಮ್ಮ, ಇಷ್ಟು ವರ್ಷ ನನ್ನ ಧ್ವನಿ ನಿಂಗೆ ನೆನಪಿತ್ತಾ?"

ಅವಳು ಉತ್ತರ ಕೊಡಲಿಲ್ಲ. ಯೋಚಿಸುತ್ತಿದ್ದಾಳೆ ಅಂದುಕೊಂಡೆ. ಸೇತುವೆ ಮುಗಿಯಿತು. ಮತ್ತೆ ಕೇಳಿದೆ, ಸ್ವಲ್ಪ ಜೋರಾಗಿ. ಅವಳು ಹೂವು ನೋಡುತ್ತ ನಡೆಯುತ್ತಲೇ ಇದ್ದಳು. ಭುಜ ಮುಟ್ಟಿದೆ. ತಿರುಗಿ, ಏನೇ ಎಂಬಂತೆ ಹುಬ್ಬು ಹಾರಿಸಿ, ಬೆರಳಿನಿಂದ ನನ್ನ ಮಾಸ್ಕ್ ತೋರಿಸಿ, ಕೆಳಗೆ ಎಳಿ ಅಂತ ಸನ್ನೆ ಮಾಡಿದಳು.

ಮಾಸ್ಕ್ ಎಳೆದೆ. ಬಸ್ಸು ಹೊರಡೋ ಹೊತ್ತಾಯ್ತು ಅಂತಿದ್ದೆ ಅಂದೆ. ಅವಳು ತಲೆಯಾಡಿಸಿದಳು.

ಊರಿಗೆ ಬಂದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ. ನರ ಸತ್ತೇ ಇದೆ, ಮೊದಲಿಗಿಂತ ಏನೂ ವ್ಯತ್ಯಾಸವಿಲ್ಲ ಎಂದರು ಡಾಕ್ಟರು. ನಡೆದದ್ದನ್ನು ಹೇಳಿದೆ. ಮಗ್ಗದವರು ಅಂಗಾಲಿನಿಂದಲೂ ಅದುರುವುದನ್ನು ಗುರುತಿಸುತ್ತಾರೆ, ಹಾಗಿರಬಹುದು ಅಂದರು. ಅದು ನಿಜ, ಕರೆಂಟು ಹೋದದ್ದು ಅಮ್ಮನಿಗೆ ಕಾಲಿನಲ್ಲೇ ತಿಳಿಯುತ್ತದೆ. ಆದರೆ ಹೊಳೆಯಾಚೆಯ ಗುಡ್ಡದ ಮೇಲಿನ ಒಂದು ಕೈಮಗ್ಗ? ಅದನ್ನೂ ಒಪ್ಪಿಕೊಳ್ಳೋಣ. ನನ್ನ ಒಡೆದ ಧ್ವನಿ ಯಾವ ಅಂಗಾಲಿಗೆ ಗೊತ್ತಾಗುತ್ತದೆ? ವಿಜ್ಞಾನದಲ್ಲಿ ನನಗೆ ತಿಳಿದ ದಾರಿಗಳನ್ನೆಲ್ಲ ತುಳಿದು ನೋಡಿದೆ, ಎಲ್ಲವೂ ಆ ಹೊಸ್ತಿಲ ಹತ್ತಿರ ಬಂದು ನಿಂತುಬಿಡುತ್ತವೆ.

ಅಮ್ಮನಿಗೆ ಮಾತ್ರ ಇದು ಆಶ್ಚರ್ಯವೇ ಅಲ್ಲ. ಕೇಳಿದರೆ, ಹೂನ ಕೆಳಗೆ ಕೇಳಿಸ್ತಪ್ಪ, ಆಮೇಲೆ ಇಲ್ಲ ಅನ್ನುತ್ತಾಳೆ, ಮಳೆ ಬಂತು ನಿಂತಿತು ಅನ್ನುವ ಹಾಗೆ. ಆದರೆ ಅಲ್ಲಿಂದ ಬಂದ ಮೇಲೆ ಅವಳು ಮತ್ತೆ ತಲೆ ಎತ್ತಿ ಮುಖ ನೋಡುತ್ತಾಳೆ. ಎದುರುಮನೆಯವರ ಸುದ್ದಿ ಮತ್ತೆ ನಮ್ಮ ಮನೆಗೆ ಬರುತ್ತಿದೆ. ನನ್ನ ತಮ್ಮ ಈಗ ಅವಳ ಬೆನ್ನ ಹಿಂದೆ ಗೊಣಗುವುದನ್ನು ಬಿಟ್ಟಿದ್ದಾನೆ. ಯಾಕೋ ಎಂದರೆ, ಯಾವುದಕ್ಕೂ ಇರ್ಲಿ ಅಕ್ಕ ಅನ್ನುತ್ತಾನೆ.

ಸೇತುವೆಯ ಮೇಲೆ ಕೇಳಿದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಎದುರಿಗೆ ಕೂತು ಕೇಳಿದರೆ ತುಟಿ ನೋಡಿ ಉತ್ತರ ಹೇಳುತ್ತಾಳೆ, ಗೊತ್ತು. ಹಾಗೆ ಕೇಳಲು ನನಗೆ ಮನಸ್ಸಿಲ್ಲ. ಅವಳು ಬೆನ್ನು ಮಾಡಿ ಕೂತಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಈ ಒಡೆದ ಧ್ವನಿಯಲ್ಲೇ ಮೆಲ್ಲಗೆ ಕೇಳುತ್ತೇನೆ. ಕೇಳಿ ಸ್ವಲ್ಪ ಹೊತ್ತು ಕಾಯುತ್ತೇನೆ. ನಿನ್ನೆಯೂ ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುತ್ತಿದ್ದ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ಸುಲಿಯತೊಡಗಿತು. ಕಾಯಿಯೊಳಗೆ ಹುಳ ಸಿಕ್ಕಿತ್ತೋ ಏನೋ, ನನಗೆ ಗೊತ್ತಿಲ್ಲ.